ಊತವಿಲ್ಲದ ನೋವಿಗೆ ಸಾಕ್ಷಿ ಯಾರು?

ಮೂರು ತಿಂಗಳಿಗೊಮ್ಮೆ ನನ್ನ ಕೀಲುರೋಗ ತಜ್ಞರು ನನ್ನ 28 ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾರೆ. ಎರಡು ಭುಜ, ಎರಡು ಮೊಣಕೈ, ಎರಡು ಮಣಿಕಟ್ಟು, ಎರಡು ಮೊಣಕಾಲು; ಉಳಿದ ಇಪ್ಪತ್ತು, ಕೈಬೆರಳುಗಳ ಗೆಣ್ಣುಗಳು. ಎಷ್ಟರಲ್ಲಿ ಊತವಿದೆ, ಎಷ್ಟರಲ್ಲಿ ಒತ್ತಿದರೆ ನೋವಾಗುತ್ತದೆ ಎಂದು ಬೇರೆ ಬೇರೆಯಾಗಿ ಬರೆದುಕೊಳ್ಳುತ್ತಾರೆ. ಊತವನ್ನು ಅವರ ಬೆರಳೇ ಕಂಡುಕೊಳ್ಳುತ್ತದೆ. ನೋವನ್ನು ಮಾತ್ರ ನಾನೇ ಹೇಳಬೇಕು. (ಪಾದದ ಕೀಲುಗಳು ಈ ಲೆಕ್ಕದಲ್ಲಿ ಇಲ್ಲ. ದಿನಕ್ಕೆ ನಾಲ್ಕು ತರಗತಿಗಳನ್ನು ನಿಂತುಕೊಂಡೇ ತೆಗೆದುಕೊಳ್ಳುವ ಅಧ್ಯಾಪಕಿಯ ಪಾದಗಳನ್ನು ಬಿಟ್ಟು ಲೆಕ್ಕ ಹಾಕಿದವರು ಬಹುಶಃ ಕುಳಿತು ಕೆಲಸ ಮಾಡುವವರಾಗಿರಬೇಕು.)

ಈ ಎರಡು ಸಂಖ್ಯೆಗಳ ಜೊತೆಗೆ ರಕ್ತದ ಇಎಸ್‌ಆರ್ ಪರೀಕ್ಷೆಯ ಫಲಿತಾಂಶವನ್ನೂ, 'ಒಟ್ಟಾರೆ ಹೇಗಿದ್ದೀರಿ' ಎಂಬ ಪ್ರಶ್ನೆಗೆ ನಾನು ಸೊನ್ನೆಯಿಂದ ನೂರರೊಳಗೆ ಕೊಡುವ ಅಂಕವನ್ನೂ ಸೇರಿಸಿ ಒಂದು ಸೂತ್ರಕ್ಕೆ ಹಾಕುತ್ತಾರೆ. ಅದರಿಂದ ಹೊರಬರುವುದೇ ಡಿಎಎಸ್-28 ಎಂಬ ಅಂಕ. ಅದು 5.1ಕ್ಕಿಂತ ಮೇಲಿದ್ದರೆ ರೋಗ ತೀವ್ರ, 2.6ಕ್ಕಿಂತ ಕೆಳಗಿದ್ದರೆ ಉಪಶಮನ. ಜಗತ್ತಿನಾದ್ಯಂತ ರುಮಟಾಯ್ಡ್ ಸಂಧಿವಾತದ ಔಷಧಿಯನ್ನು ಏರಿಸುವ, ಇಳಿಸುವ ತೀರ್ಮಾನಗಳಿಗೆ ಇಂಥ ಅಂಕಗಳೇ ಆಧಾರ.

2016ರ ಮಳೆಗಾಲದಲ್ಲಿ ನನ್ನ ಅಂಕ 5.45 ಬಂದಿತು. ಒತ್ತಿದರೆ ನೋಯುವ ಕೀಲುಗಳು 14, ಊತವಿದ್ದದ್ದು ಒಂದೇ ಒಂದು, ಇಎಸ್‌ಆರ್ 20, ನಾನು ಕೊಟ್ಟ ಅಂಕ 70. ಸಂಧಿವಾತ ಪತ್ತೆಯಾಗಿ ಅಷ್ಟರಲ್ಲಿ ಏಳು ವರ್ಷಗಳು ಕಳೆದಿದ್ದವು. ಮೆಥೋಟ್ರೆಕ್ಸೇಟ್ ಮಾತ್ರೆ ಸಾಕಷ್ಟು ಮೇಲಿನ ಪ್ರಮಾಣಕ್ಕೆ ಏರಿತ್ತು. ಸೂತ್ರದ ಮಾತನ್ನು ಕೇಳುವುದಾದರೆ ಮುಂದಿನ ಮೆಟ್ಟಿಲು ಚುಚ್ಚುಮದ್ದಿನ ರೂಪದ ಜೈವಿಕ ಔಷಧಿ. 2014ರ ಕೊನೆಯಲ್ಲಿ ಅಡಲಿಮುಮಾಬ್ ಎಂಬ ಔಷಧಿಯ ಭಾರತೀಯ ಆವೃತ್ತಿ ಮಾರುಕಟ್ಟೆಗೆ ಬಂದ ಮೇಲೆ ಬೆಲೆ ಇಳಿದಿತ್ತಾದರೂ ಅದು ಸಂಬಳದ ದೊಡ್ಡ ಪಾಲನ್ನೇ ನುಂಗುವಂಥದ್ದು. ಬೆಲೆಗಿಂತ ದೊಡ್ಡ ಅಳುಕು ಕ್ಷಯದ್ದು. ಈ ಔಷಧಿಗಳು ದೇಹದ ಕಾವಲನ್ನು ಸಡಿಲಗೊಳಿಸುವುದರಿಂದ, ಒಳಗೆ ನಿದ್ರಿಸುತ್ತಿರುವ ಕ್ಷಯ ಎಚ್ಚರಗೊಳ್ಳಬಹುದು. ನಮ್ಮ ದೇಶದಲ್ಲಿ ಅದು ಪುಸ್ತಕದ ಮಾತಷ್ಟೇ ಅಲ್ಲ.

ವೈದ್ಯರು ಔಷಧ ಚೀಟಿ ಬರೆಯಲಿಲ್ಲ. ಕೈಗಳ ಅಲ್ಟ್ರಾಸೌಂಡ್ ಮಾಡಿಸಿಕೊಂಡು ಬರಲು ಹೇಳಿದರು. ಉರಿಯೂತವಿರುವ ಕೀಲಿನ ಒಳಪೊರೆ ದಪ್ಪವಾಗಿ, ಅದಕ್ಕೆ ಹರಿಯುವ ರಕ್ತ ಹೆಚ್ಚಾಗಿ, ಯಂತ್ರದ ಪರದೆಯ ಮೇಲೆ ಕಿತ್ತಳೆ ಬಣ್ಣದ ಚುಕ್ಕಿಗಳಾಗಿ ತೋರುತ್ತದೆ. ನನ್ನ ಪರದೆ ಬರಿಯ ಬೂದು. 'ಮೇಡಂ, ನಿಮ್ಮ ಕೀಲುಗಳು ಸದ್ಯಕ್ಕೆ ಸುಮ್ಮನಿವೆ. ನೋಯುತ್ತಿರುವುದು ಬೇರೇನೋ' ಎಂದರು. ಆಮೇಲೆ ಏಳು ವರ್ಷಗಳಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯೊಂದನ್ನು ಕೇಳಿದರು: 'ಬೆಳಗ್ಗೆ ಏಳುವಾಗ ನಿದ್ದೆ ಮಾಡಿ ಎದ್ದ ಹಾಗೆ ಅನ್ನಿಸುತ್ತದೆಯೇ?' ಅನ್ನಿಸಿ ಎಷ್ಟು ಕಾಲವಾಗಿತ್ತೆಂಬುದೇ ನನಗೆ ನೆನಪಿರಲಿಲ್ಲ. ಆ ದಿನ ಸಿಕ್ಕ ಎರಡನೆಯ ಕಾಯಿಲೆಯ ಹೆಸರು ಫೈಬ್ರೊಮಯಾಲ್ಜಿಯಾ.

ಅದೇ ಸೂತ್ರದಲ್ಲಿ ಊತವನ್ನೂ ರಕ್ತಪರೀಕ್ಷೆಯನ್ನೂ ಹಾಗೆಯೇ ಇಟ್ಟು, ನೋಯುವ ಕೀಲುಗಳನ್ನು 14ರ ಬದಲು 2 ಎಂದೂ, ನನ್ನ ಅಂಕವನ್ನು 70ರ ಬದಲು 20 ಎಂದೂ ಹಾಕಿದರೆ ಉತ್ತರ 3.45. ಒಂದೇ ರಕ್ತ, ಒಂದೇ ಊತ, ಅದೇ ಹೆಂಗಸು. ಎರಡು ಅಂಕಗಳ ನಡುವಿನ ಅಂತರ ಪೂರ್ತಿಯಾಗಿ ಎರಡನೆಯ ಕಾಯಿಲೆಯದು. ಆದರೆ ಅದರ ದಂಡವನ್ನು ಮೊದಲನೆಯ ಕಾಯಿಲೆಯ ಔಷಧಿ ತೆರಬೇಕಾಗಿತ್ತು. ರುಮಟಾಯ್ಡ್ ಸಂಧಿವಾತ ಇರುವವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಫೈಬ್ರೊಮಯಾಲ್ಜಿಯಾ ಕೂಡ ಇರುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಆ ಐದನೆಯವರಲ್ಲಿ ಎಷ್ಟು ಮಂದಿ ತಮಗೆ ಬೇಡದ ಔಷಧಿಯ ಮೆಟ್ಟಿಲನ್ನು ಹತ್ತಿದ್ದಾರೋ ಯೋಚಿಸಬೇಕಾದ ಸಂಗತಿ.

ಎರಡು ಕಾಯಿಲೆಗಳ ಸ್ವಭಾವವೇ ಬೇರೆ. ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಕೀಲುಗಳ ಒಳಪೊರೆಯನ್ನು ಪರಕೀಯವೆಂದು ಬಗೆದು ದಾಳಿ ಮಾಡುತ್ತದೆ. ಉರಿಯೂತ ಮುಂದುವರಿದರೆ ಮೃದ್ವಸ್ಥಿ ಸವೆದು, ಮೂಳೆ ಕೊರೆದು, ಬೆರಳುಗಳು ಸೊಟ್ಟಗಾಗುತ್ತವೆ. ನೂರು ಇನ್ನೂರು ಜನರಲ್ಲಿ ಒಬ್ಬರಿಗೆ ಬರುವ ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಫೈಬ್ರೊಮಯಾಲ್ಜಿಯಾದಲ್ಲಿ ಕೀಲು ಕೆಡುವುದಿಲ್ಲ, ಸ್ನಾಯು ಸಾಯುವುದಿಲ್ಲ. ಕೆಡುವುದು ನೋವನ್ನು ಅಳೆಯುವ ತಕ್ಕಡಿ. ಬೆನ್ನುಹುರಿ ಮತ್ತು ಮೆದುಳಿನಲ್ಲಿ ನೋವಿನ ಸಂಕೇತಗಳನ್ನು ತಗ್ಗಿಸಬೇಕಾದ ಏರ್ಪಾಟು ಸೋತು, ಹಿಗ್ಗಿಸುವ ಏರ್ಪಾಟು ಬಲಗೊಳ್ಳುತ್ತದೆ. ಸೀರೆಯ ಅಂಚು ತಾಗಿದರೂ ಉರಿಯುವ ದಿನಗಳಿರುತ್ತವೆ. ಇವೆರಡಕ್ಕೂ ನಂಟಿದೆ. ವರ್ಷಗಟ್ಟಲೆ ಕೀಲುಗಳಿಂದ ಹೊರಟ ನಿಜವಾದ ನೋವು ನರಮಂಡಲಕ್ಕೆ ನೋಯುವುದನ್ನು ಅಭ್ಯಾಸ ಮಾಡಿಸಿಬಿಡುತ್ತದೆ. ಕೀಲಿನ ಬೆಂಕಿ ಆರಿದ ಮೇಲೂ ಅಭ್ಯಾಸ ಹೋಗುವುದಿಲ್ಲ.

ಆಸ್ಪತ್ರೆಯ ಕಾಗದದಲ್ಲಿ ನೋವನ್ನು ಸೊನ್ನೆಯಿಂದ ಹತ್ತರೊಳಗೆ ಹೇಳಿ ಎನ್ನುತ್ತಾರೆ. ನಾನು ಕನ್ನಡ ಪಾಠ ಹೇಳಿಕೊಂಡು ಬದುಕುವವಳು; ಈ ಪ್ರಶ್ನೆಯ ಬಡತನ ನನಗೆ ಸಹಿಸಲಾಗುವುದಿಲ್ಲ. ನಮ್ಮ ತಾಯಂದಿರು ಒಂದೇ ಮೈಯ ನೋವಿಗೆ ಸೆಳೆತ, ಸಿಡಿತ, ಕಡಿತ, ಚಳುಕು, ಉಳುಕು, ಹಿಡಿತ, ಜೋಮು, ಉರಿ, ನವೆ, ಭಾರ ಎಂದು ಎಷ್ಟೊಂದು ಹೆಸರುಗಳನ್ನಿಟ್ಟಿದ್ದರು! ಕೆನಡಾದ ಮನೋವಿಜ್ಞಾನಿ ರೊನಾಲ್ಡ್ ಮೆಲ್‌ಜ್ಯಾಕ್ 1975ರಲ್ಲಿ ಇಂಗ್ಲಿಷಿನ 78 ನೋವಿನ ಪದಗಳನ್ನು ಇಪ್ಪತ್ತು ಗುಂಪುಗಳಾಗಿ ಜೋಡಿಸಿ ಒಂದು ಪ್ರಶ್ನಾವಳಿ ಮಾಡಿದ. ಅದು ಇಂದಿಗೂ ಹೆಸರುವಾಸಿ. ನನ್ನ ಅನುಭವದಲ್ಲಿ ನನ್ನ ಎರಡು ಕಾಯಿಲೆಗಳನ್ನು ಬೇರ್ಪಡಿಸಲು ಈ ಪದಗಳೇ ಸಾಕು. ಸಂಧಿವಾತದ್ದು ಸಿಡಿತ ಮತ್ತು ಹಿಡಿತ: ಇಂಥ ಗೆಣ್ಣು ಎಂದು ಬೆರಳಿಟ್ಟು ತೋರಿಸಬಹುದು, ಬಿಸಿಯಿರುತ್ತದೆ, ಬೆಳಗಿನ ಒಂದೆರಡು ಗಂಟೆ ಮುಷ್ಟಿ ಕಟ್ಟಲಾಗುವುದಿಲ್ಲ, ಹೊತ್ತೇರಿದಂತೆ ಸಡಿಲವಾಗುತ್ತದೆ. ಇನ್ನೊಂದರದು ಕಡಿತ ಮತ್ತು ಉರಿ: ಎಲ್ಲಿ ಎಂದರೆ ಎಲ್ಲೆಲ್ಲೂ, ಜ್ವರ ಬಿಟ್ಟ ಮರುದಿನದ ಮೈಯಂತೆ, ಹೊತ್ತೇರಿದರೂ ಇಳಿಯುವುದಿಲ್ಲ.

ಇದಕ್ಕಿಂತ ಸುಲಭದ ಪರೀಕ್ಷೆ ಬಳೆಯದು. ಊತವಿದ್ದ ದಿನ ಗಾಜಿನ ಬಳೆ ಬೆರಳ ಬುಡದ ಗೆಣ್ಣುಗಳನ್ನು ದಾಟಿ ಕೈಗೇರುವುದಿಲ್ಲ, ಉಂಗುರ ತಿರುಗುವುದಿಲ್ಲ. ಬಳೆ ಸಲೀಸಾಗಿ ಏರಿ, ಮೈ ಮಾತ್ರ ಏಳಲೊಲ್ಲೆ ಎಂದರೆ ಅದು ಎರಡನೆಯದರ ದಿನ. ನನ್ನ ವೈದ್ಯರಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ, ಬರೆದುಕೊಂಡರು.

ಈ ವಿಂಗಡಣೆ ಯಾಕೆ ಮುಖ್ಯವೆಂದರೆ ಎರಡು ಕಾಯಿಲೆಗಳೂ ಬೇಡುವ ಉಪಚಾರ ಒಂದಕ್ಕೊಂದು ವಿರುದ್ಧವಾದುದು. ಉರಿಯೂತವೆದ್ದ ಮಣಿಕಟ್ಟಿಗೆ ವಿಶ್ರಾಂತಿ ಬೇಕು. ಆ ದಿನ ಕಾಯಿ ತುರಿಯುವುದು, ಚಪಾತಿ ಹಿಟ್ಟು ನಾದುವುದು, ಕುಕ್ಕರಿನ ಮುಚ್ಚಳ ತಿರುಪುವುದು ಕೂಡದು. ಫೈಬ್ರೊಮಯಾಲ್ಜಿಯಾಕ್ಕೆ ವಿಶ್ರಾಂತಿಯೇ ವಿಷ. ಯುರೋಪಿನ ಕೀಲುರೋಗ ತಜ್ಞರ ಒಕ್ಕೂಟ ಯೂಲಾರ್ 2017ರಲ್ಲಿ ಪ್ರಕಟಿಸಿದ ಶಿಫಾರಸುಗಳಲ್ಲಿ ಯಾವ ಔಷಧಿಗೂ ಬಲವಾದ ಬೆಂಬಲ ಸಿಗಲಿಲ್ಲ. ಸಿಕ್ಕಿದ್ದು ವ್ಯಾಯಾಮಕ್ಕೆ ಮಾತ್ರ. ಊತ ಇಳಿಸುವ ನೋವಿನ ಮಾತ್ರೆಗಳು ಇದಕ್ಕೆ ತಾಗುವುದಿಲ್ಲ, ಸ್ಟಿರಾಯ್ಡ್ ಅಂತೂ ವ್ಯರ್ಥ. ರಾತ್ರಿ ಚಿಕ್ಕ ಪ್ರಮಾಣದ ಅಮಿಟ್ರಿಪ್ಟಿಲಿನ್, ಕೆಲವರಿಗೆ ಪ್ರಿಗಾಬಲಿನ್ ಅಥವಾ ಡ್ಯುಲಾಕ್ಸೆಟಿನ್ ಒಂದಿಷ್ಟು ನೆರವಾಗುತ್ತವೆ. ಉಳಿದದ್ದು ನಿದ್ರೆ, ನಡಿಗೆ, ಅಳತೆಯರಿತ ದುಡಿಮೆ. ಹೀಗಾಗಿ ಪ್ರತಿದಿನ ಬೆಳಗ್ಗೆ ಹಾಸಿಗೆಯಲ್ಲಿಯೇ ನಾನು ಪಂಚಾಯಿತಿ ಸೇರಿಸಬೇಕು: ಈ ಹೊತ್ತು ಮಲಗಬೇಕಾದ ನೋವೋ, ನಡೆಯಬೇಕಾದ ನೋವೋ? ಎರಡೂ ಒಟ್ಟಿಗೆ ಬಂದ ದಿನ ಕೈಗಳಿಗೆ ರಜೆ ಕೊಟ್ಟು ಕಾಲುಗಳನ್ನು ಉದ್ಯಾನಕ್ಕೆ ಕಳಿಸುತ್ತೇನೆ. ಹತ್ತು ನಿಮಿಷದಿಂದ ಆರಂಭಿಸಿದ ನಡಿಗೆ ಮೂವತ್ತು ನಿಮಿಷಕ್ಕೆ ಬರಲು ಎಂಟು ತಿಂಗಳು ಹಿಡಿಯಿತು. ಚೆನ್ನಾಗಿರುವ ದಿನ ಉತ್ಸಾಹದಲ್ಲಿ ಒಂದು ಗಂಟೆ ನಡೆದರೆ ಮುಂದಿನ ಮೂರು ದಿನಗಳನ್ನು ಬಡ್ಡಿಯಾಗಿ ಕಟ್ಟಬೇಕು.

ಮೆಥೋಟ್ರೆಕ್ಸೇಟ್ ವಿಷಯದಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಭೀಮಾವರಂನಲ್ಲಿ ಹುಟ್ಟಿ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ 1940ರ ದಶಕದಲ್ಲಿ ಕ್ಯಾನ್ಸರಿಗೆಂದು ರೂಪಿಸಿದ ಔಷಧಿಗಳ ಸಾಲಿಗೆ ಸೇರಿದ ಮಾತ್ರೆ ಇದು. ಸಂಧಿವಾತಕ್ಕೆ ಇದರ ಪ್ರಮಾಣ ತೀರ ಚಿಕ್ಕದು, ಅದೂ ವಾರಕ್ಕೆ ಒಂದೇ ದಿನ. ವಾರಕ್ಕೊಮ್ಮೆ ಎಂಬುದನ್ನು ದಿನಕ್ಕೊಮ್ಮೆ ಎಂದು ತಿಳಿದು ನುಂಗಿದವರ ಅಸ್ಥಿಮಜ್ಜೆ ಕುಸಿದು ಸಾವು ಸಂಭವಿಸಿದ ಪ್ರಕರಣಗಳು ಅನೇಕ ದೇಶಗಳಲ್ಲಿ ದಾಖಲಾಗಿವೆ. ಹೀಗಿರುವಾಗ ನಮ್ಮಲ್ಲಿ ಔಷಧ ಚೀಟಿಯ ಮೇಲೆ 'ಶನಿವಾರ ಮಾತ್ರ' ಎಂದು ಕನ್ನಡದಲ್ಲಿ ದುಂಡಗೆ ಬರೆದುಕೊಡಲು ಯಾವ ತೊಡಕಿದೆ? ರಾಯಚೂರಿನಿಂದಲೋ ಕಲಬುರಗಿಯಿಂದಲೋ ರಾತ್ರಿ ರೈಲು ಹತ್ತಿ ಬೆಂಗಳೂರಿನ ತಜ್ಞರನ್ನು ಕಾಣಲು ಬರುವ ಹೆಂಗಸರನ್ನು ಆಸ್ಪತ್ರೆಯ ಬೆಂಚುಗಳ ಮೇಲೆ ನಾನು ನೋಡುತ್ತಿರುತ್ತೇನೆ. ಅವರ ಕೈಯಲ್ಲಿರುವ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಓದಿಹೇಳುವವನು ಜೊತೆಗೆ ಬಂದ ಹತ್ತನೆಯ ತರಗತಿಯ ಮಗ.

ಸಂಧಿವಾತಕ್ಕೆ ಸಮಾಜದಲ್ಲಿ ಒಂದು ಮರ್ಯಾದೆಯಿದೆ. ರಕ್ತಪರೀಕ್ಷೆಯಿದೆ, ಎಕ್ಸರೇ ಇದೆ, ಕೆಂಪಗೆ ಊದಿದ ಗೆಣ್ಣಿದೆ. ಫೈಬ್ರೊಮಯಾಲ್ಜಿಯಾಕ್ಕೆ ಇದಾವುದೂ ಇಲ್ಲ. ಇದು ಇಂದು ನಿನ್ನೆಯ ಸಂಕಟವಲ್ಲ. ಲಂಡನ್ನಿನ ನರರೋಗ ತಜ್ಞ ವಿಲಿಯಂ ಗವರ್ಸ್ 1904ರಲ್ಲಿ ಇದನ್ನು ನಾರಿನಂಶದ ಉರಿಯೂತವೆಂದು ಬಗೆದು 'ಫೈಬ್ರೊಸೈಟಿಸ್' ಎಂದು ಕರೆದ. ಹುಡುಕಿದವರಿಗೆ ಉರಿಯೂತ ಸಿಗಲಿಲ್ಲ. ಹೆಸರು ಮಾತ್ರ ಎಪ್ಪತ್ತು ವರ್ಷ ಉಳಿಯಿತು. 1976ರಲ್ಲಿ ಈಗಿನ ಹೆಸರು ಬಂತು. 1990ರಲ್ಲಿ ಅಮೆರಿಕದ ಕೀಲುರೋಗ ತಜ್ಞರ ಕಾಲೇಜು ಮೈಮೇಲೆ 18 ಬಿಂದುಗಳನ್ನು ಗುರುತಿಸಿ, 11ರಲ್ಲಿ ನೋವಿದ್ದರೆ ಕಾಯಿಲೆ ಎಂದಿತು. 2010ರಲ್ಲಿ ಆ ಬಿಂದುಗಳನ್ನು ಕೈಬಿಟ್ಟು ನಿದ್ರೆ, ದಣಿವು, ಮರೆವುಗಳನ್ನು ಲೆಕ್ಕಕ್ಕೆ ತಂದಿತು. 2002ರಲ್ಲಿ ಅಮೆರಿಕದ ಸಂಶೋಧಕರು ರೋಗಿಗಳ ಹೆಬ್ಬೆರಳಿನ ಉಗುರನ್ನು ಮೆಲ್ಲಗೆ ಒತ್ತುತ್ತ ಮೆದುಳಿನ ಚಿತ್ರ ತೆಗೆದರು. ಆರೋಗ್ಯವಂತರಿಗೆ ಬರಿಯ ಒತ್ತಡವೆನ್ನಿಸಿದಷ್ಟಕ್ಕೇ ಇವರ ಮೆದುಳಿನ ನೋವಿನ ಕೇಂದ್ರಗಳು ಚುರುಕಾದವು. 'ನಟನೆ' ಎನ್ನುವವರಿಗೆ ಅದೊಂದು ಉತ್ತರ. 2021ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ತಂಡ ಮತ್ತೊಂದು ಬೆರಗಿನ ಸುದ್ದಿ ಕೊಟ್ಟಿತು: ರೋಗಿಗಳ ರಕ್ತದ ಪ್ರತಿಕಾಯಗಳನ್ನು ಇಲಿಗಳಿಗೆ ಚುಚ್ಚಿದಾಗ ಅವುಗಳ ನೋವಿನ ಸಂವೇದನೆಯೂ ಹೆಚ್ಚಿತು. ಅದು ನಿಜವಾದರೆ ನನ್ನ ಎರಡು ಕಾಯಿಲೆಗಳು ನಾನೆಂದುಕೊಂಡದ್ದಕ್ಕಿಂತ ಹತ್ತಿರದ ದಾಯಾದಿಗಳೇ ಇರಬಹುದು. ತೀರ್ಪು ಕೊಡಲು ಇನ್ನೂ ಕಾಲ ಬೇಕು.

ಇಷ್ಟೆಲ್ಲ ವಿಜ್ಞಾನ ಮನೆಬಾಗಿಲಿಗೆ ಬರುವಷ್ಟರಲ್ಲಿ 'ಟೆನ್ಷನ್ ಮಾಡ್ಕೋಬೇಡಿ' ಎಂಬ ಎರಡು ಪದಗಳಾಗಿರುತ್ತದೆ. ಫೋನಿನಲ್ಲಿ ನನ್ನ ತಾಯಿ ಹೇಳುವ 'ಅದು ವಾಯು ಕಣೇ' ಎಂಬ ಮಾತೇ ಎಷ್ಟೋ ಮೇಲು. ವಾಯುವಿಗೆ ರೂಪವಿಲ್ಲ, ಮೈಯೆಲ್ಲ ಅಲೆಯುತ್ತದೆ, ಆದರೆ ಇದೆ ಎಂಬುದರಲ್ಲಿ ಅಮ್ಮನಿಗೆ ಅನುಮಾನವಿಲ್ಲ. 2006ರಲ್ಲಿ ಚಿಕುನ್‌ಗುನ್ಯಾ ಕರ್ನಾಟಕವನ್ನು ಹಿಂಡಿಹಾಕಿದಾಗ, ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದ ಆ ವರ್ಷ, ಅವರ ಊರಿನ ಓಣಿಯಲ್ಲಿ ನೆಟ್ಟಗೆ ನಡೆಯುವವರೇ ಇರಲಿಲ್ಲವಂತೆ. ಬಹುಪಾಲು ಜನ ವಾಸಿಯಾದರು. ಕೆಲವರ ಕೀಲುನೋವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯಿತು. 'ಜ್ವರ ಹೋದ ಮೇಲೆ ಇನ್ನೇನು ನೋವು?' ಎಂದು ಆ ಹೆಂಗಸರನ್ನು ಕೇಳಿದವರ ದನಿಯೂ ನನಗೆ ಪರಿಚಿತವಾದದ್ದೇ.

ಕಚೇರಿಗಳಲ್ಲಂತೂ ಈ ಭೇದ ಕಣ್ಣಿಗೆ ರಾಚುತ್ತದೆ. 2024ರ ಲೋಕಸಭಾ ಚುನಾವಣೆಗೆ ನನ್ನನ್ನು ಮತಗಟ್ಟೆಯ ಕೆಲಸಕ್ಕೆ ನೇಮಿಸಿದರು. ಹಿಂದಿನ ದಿನವೇ ಹೋಗಿ, ಯಂತ್ರಗಳನ್ನು ಪಡೆದು, ಶಾಲೆಯ ನೆಲದ ಮೇಲೆ ರಾತ್ರಿ ಕಳೆದು, ಬೆಳಗಿನ ಜಾವ ಎದ್ದು ಸಂಜೆಯವರೆಗೆ ಕೂರುವ ಕೆಲಸ. ಆ ವಸಂತದಲ್ಲಿ ನನ್ನ ಸಂಧಿವಾತ ಪೂರ್ತಿ ಉಪಶಮನದಲ್ಲಿತ್ತು. ಫೈಬ್ರೊಮಯಾಲ್ಜಿಯಾ ಮಾತ್ರ ಕೆರಳಿತ್ತು. ವೈದ್ಯರು ಪ್ರಮಾಣಪತ್ರದಲ್ಲಿ ಎರಡನ್ನೂ ಬರೆದು, ಯಾವುದು ಯಾವ ಸ್ಥಿತಿಯಲ್ಲಿದೆ ಎಂದು ಸ್ಪಷ್ಟಪಡಿಸಿದ್ದರು. ಅದನ್ನು ಕೈಗೆತ್ತಿಕೊಂಡ ಸಿಬ್ಬಂದಿ ಎರಡನೆಯ ಪದವನ್ನು ಅಕ್ಷರ ಕೂಡಿಸಿ ಓದಲು ನೋಡಿ ಬಿಟ್ಟುಬಿಟ್ಟರು. 'ಎಲ್ಲಿ ಮೇಡಂ, ಕೈ ತೋರಿಸಿ' ಎಂದರು. ತೋರಿಸಿದೆ. ಬಹಳ ಹಿಂದೆಯೇ ತುಸು ಬಾಗಿದ ಎಡಗೈ ಕಿರುಬೆರಳು ಅವರ ಕಣ್ಣಿಗೆ ಬಿತ್ತು. 'ಓ, ಸಂಧಿವಾತ' ಎಂದು ಮುದ್ರೆ ಒತ್ತಿದರು. ನಿದ್ರಿಸುತ್ತಿದ್ದ ಕಾಯಿಲೆಗೆ ವಿನಾಯಿತಿ ಸಿಕ್ಕಿತು. ಎಚ್ಚರವಿದ್ದ ಕಾಯಿಲೆ ಅದರ ಸೆರಗು ಹಿಡಿದು ಹೊರಗೆ ಬಂದಿತು. ಸಂಧಿವಾತವಿಲ್ಲದೆ ಬರಿಯ ಫೈಬ್ರೊಮಯಾಲ್ಜಿಯಾ ಇರುವ ನನ್ನ ಸಹೋದ್ಯೋಗಿಯೊಬ್ಬರಿಗೆ ಹಿಡಿಯಲು ಅಂಥ ಸೆರಗಿರಲಿಲ್ಲ. ಅವರು ಹೋಗಿ ಕೆಲಸ ಮುಗಿಸಿ, ಹನ್ನೊಂದು ದಿನ ಹಾಸಿಗೆ ಹಿಡಿದರು. ಅಷ್ಟೂ ದಿನ ಗಳಿಕೆ ರಜೆ.

ಕಾನೂನು ಈ ವಿಷಯದಲ್ಲಿ ಸಿಬ್ಬಂದಿಗಿಂತ ಬಹಳ ಮುಂದಿದೆಯೆಂದು ಹೇಳಲಾರೆ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ವೈಕಲ್ಯದ ವಿಧಗಳನ್ನು 7ರಿಂದ 21ಕ್ಕೆ ಏರಿಸಿತು. ಪಾರ್ಕಿನ್ಸನ್, ಹಿಮೋಫೀಲಿಯಾದಂಥ ಕಾಯಿಲೆಗಳನ್ನು ಸೇರಿಸಿತು. ಅದು ಒಳ್ಳೆಯ ಕೆಲಸ. ಸಂಧಿವಾತಕ್ಕೆ ಅಲ್ಲಿ ತನ್ನದೇ ಸ್ಥಾನವಿಲ್ಲ. ಕೀಲು ಬಿಗಿದು, ಬೆರಳು ಸೊಟ್ಟಗಾಗಿ, ಚಲನ ವೈಕಲ್ಯ ಶೇ 40 ಮುಟ್ಟಿದರೆ ಪ್ರಮಾಣಪತ್ರ ಸಿಗುತ್ತದೆ. ಬೆರಳು ಸೊಟ್ಟಗಾಗದಂತೆ ತಡೆಯುವುದೇ ಇಂದಿನ ಚಿಕಿತ್ಸೆಯ ಗುರಿ! ಚಿಕಿತ್ಸೆ ಫಲಿಸಿದವಳಿಗೆ, ಆ ಚಿಕಿತ್ಸೆಯ ಖರ್ಚು, ದಣಿವು, ಸೋಂಕಿನ ಭಯ ಎಲ್ಲವೂ ಇದ್ದು, ಪ್ರಮಾಣಪತ್ರವಿಲ್ಲ. ಫೈಬ್ರೊಮಯಾಲ್ಜಿಯಾಕ್ಕೆ ಅಳೆಯಲು ಕೋನಮಾಪಕವೇ ಇಲ್ಲದ ಮೇಲೆ ಶೇಕಡಾವಾರಿನ ಮಾತೆಲ್ಲಿ? ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂದಾಗ ದೀರ್ಘಕಾಲದ ನೋವನ್ನು ಇನ್ನೊಂದು ರೋಗದ ಲಕ್ಷಣವೆಂದಷ್ಟೇ ನೋಡದೆ ಸ್ವತಂತ್ರ ಕಾಯಿಲೆಯಾಗಿ ಒಪ್ಪಿ, ಫೈಬ್ರೊಮಯಾಲ್ಜಿಯಾವನ್ನು ಅದರಡಿಯಲ್ಲಿ ಇರಿಸಿತು. ನಮ್ಮ ವೈದ್ಯಕೀಯ ಮಂಡಳಿಗಳ ನಮೂನೆಗಳು ಆ ಪುಟವನ್ನು ತೆರೆಯಬೇಕಾಗಿದೆ. ಆರೋಗ್ಯ ವಿಮೆಯೂ ಹಾಗೆಯೇ. ಅದು ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವರಿಗೆ. ನನ್ನ ಎರಡೂ ಕಾಯಿಲೆಗಳು ಮಲಗಿಸದೆ ಕಾಡುವಂಥವು.

ಸರ್ಕಾರದ ಮಾತು ಬಂದದ್ದರಿಂದ ಬಸ್ಸಿನದ್ದನ್ನೂ ಹೇಳಿಬಿಡುತ್ತೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾದಾಗ ಹೆಂಗಸರಿಗೆ ಟಿಕೆಟ್ಟಿನ ಹಣ ಉಳಿಯಿತು. ನಾನದನ್ನು ಮನಸಾರೆ ಸ್ವಾಗತಿಸಿದವಳು. ಮೆಟ್ಟಿಲಿನ ಎತ್ತರ ಮಾತ್ರ ಹಿಂದಿನಷ್ಟೇ ಇತ್ತು. ಬಾಗಿಲ ಕಂಬಿಯನ್ನು ಬಿಗಿಯಾಗಿ ಹಿಡಿದು ಮೈಯನ್ನು ಮೇಲೆಳೆದುಕೊಳ್ಳಲು ಬೇಕಾದದ್ದು ನನ್ನಲ್ಲಿ ಕೆಟ್ಟಿರುವ ಮಣಿಕಟ್ಟೇ. 'ಬೇಗ ಹತ್ರಮ್ಮ' ಎನ್ನುವ ನಿರ್ವಾಹಕರ ಮೇಲೆ ನನಗೆ ಸಿಟ್ಟಿಲ್ಲ, ಅವರ ಹಿಂದೆ ಇನ್ನೂ ನಲವತ್ತು ಜನರಿರುತ್ತಾರೆ. ತಗ್ಗಿನ ನೆಲದ ಬಸ್ಸುಗಳನ್ನು ಹವಾನಿಯಂತ್ರಣದ ಸುಖದೊಂದಿಗೆ ತಳುಕು ಹಾಕುವ ಬದಲು, ಸಾಮಾನ್ಯ ಬಸ್ಸಿಗೂ ತರಬಾರದೇಕೆ?

ಎಲ್ಲಕ್ಕಿಂತ ನನ್ನನ್ನು ಹೆದರಿಸುವುದು ನೋವಲ್ಲ, ಮಂಕು. ಎರಡನೆಯ ಕಾಯಿಲೆ ಕೆರಳಿದ ದಿನ ಪದಗಳು ಕೈಗೆ ಸಿಗುವುದಿಲ್ಲ. ಒಮ್ಮೆ ಕುಮಾರವ್ಯಾಸನ ಷಟ್ಪದಿಯೊಂದರ ಅರ್ಥ ಹೇಳುತ್ತಿದ್ದಾಗ, ಇಪ್ಪತ್ತು ವರ್ಷ ಬಾಯಿಪಾಠವಿದ್ದ ಸಾಲಿನ ನಡುವೆ ನಿಂತುಬಿಟ್ಟೆ. ತರಗತಿ ಮೌನವಾಯಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಪುಸ್ತಕ ನೋಡಿ ಮುಂದಿನ ಪದವನ್ನು ಮೆಲ್ಲಗೆ ಹೇಳಿದಳು, ಪಾಠ ಸಾಗಿತು. ಊದಿದ ಬೆರಳಿಗೆ ಸೀಮೆಸುಣ್ಣ ಹಿಡಿಯಲು ಬಾರದಿದ್ದರೆ ವಿದ್ಯಾರ್ಥಿಗಳೇ ಹಲಗೆಯ ಮೇಲೆ ಬರೆಯುತ್ತಾರೆ. ಮರೆತ ಪದಕ್ಕೆ ಅಂಥ ಬದಲಿ ವ್ಯವಸ್ಥೆಯಿಲ್ಲ, ಅದೇ ನನ್ನ ಹೊಟ್ಟೆಪಾಡು.

ಕಳೆದ ಶೈಕ್ಷಣಿಕ ವರ್ಷ ನಮ್ಮ ಪ್ರಾಂಶುಪಾಲರ ಬಳಿ ಎರಡನೆಯ ಕಾಯಿಲೆಯ ಹೆಸರನ್ನೇ ಹೇಳಿ ಎರಡು ವಿನಂತಿಗಳನ್ನು ಮಾಡಿದೆ, ಮೊದಲನೆಯದರ ಹೆಸರನ್ನು ಬೇಕೆಂದೇ ಎತ್ತಲಿಲ್ಲ. ಬೆಳಗಿನ ಮೊದಲ ಅವಧಿ ಬೇಡ. ಎರಡು ತರಗತಿಗಳ ನಡುವೆ ಒಂದು ಅವಧಿ ಬಿಡುವಿರಲಿ. ಅವರು ಆ ಹೆಸರನ್ನು ಒಂದು ಕಾಗದದಲ್ಲಿ ಬರೆದುಕೊಡಲು ಹೇಳಿ, ವೇಳಾಪಟ್ಟಿ ತಯಾರಿಸುವವರನ್ನು ಕರೆಸಿದರು. ನನ್ನ ಕೈ ನೋಡಬೇಕೆಂದು ಕೇಳಲಿಲ್ಲ. ಈಗ ನನ್ನ ಮೊದಲ ತರಗತಿ ಹನ್ನೊಂದು ಗಂಟೆಗೆ, ನೆಲಮಹಡಿಯ ಕೊಠಡಿಯಲ್ಲಿ.